ಗದುಗಿನ ಸೀಮೆಯ ವೈದ್ಯವಾಚಕ ಶಬ್ದಗಳು

ರೋಗವನ್ನು ಕಳೆಯುವವನಿಗೆ ಕನ್ನಡದಲ್ಲಿ ಎಷ್ಟು ಬಗೆಯ ಹೆಸರುಗಳುಂಟು, ಅವುಗಳಲ್ಲಿ ಯಾವುವು ಅವನ ವಿದ್ಯೆಯನ್ನು ಹೇಳುತ್ತವೆ, ಯಾವುವು ಅವನ ಕೆಲಸವನ್ನು ಹೇಳುತ್ತವೆ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವು. ಈ ವಿಚಾರಕ್ಕೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯನ್ನು ಆರಿಸಿಕೊಂಡುದಕ್ಕೆ ಕಾರಣಗಳಿವೆ. ಲಕ್ಷ್ಮೇಶ್ವರವೆಂಬುದು ಹಿಂದಿನ ಪುಲಿಗೆರೆ. ಕವಿರಾಜಮಾರ್ಗಕಾರನು ಕನ್ನಡದ ತಿರುಳು ಎಲ್ಲಿರುವುದೆಂದು ಹೇಳುವಾಗ ಕಿಸುವೊಳಲು, ಕೊಪಣ, ಒಕ್ಕುಂದಗಳೊಡನೆ ಎಣಿಸಿದ ಊರು. ಈ ನಾಲ್ಕು ಊರುಗಳೂ ಈಗ ೧೯೯೭ರಲ್ಲಿ ಏರ್ಪಟ್ಟ ಗದಗ ಜಿಲ್ಲೆಯೊಂದರಲ್ಲಿಯೇ ಇದ್ದರೂ, ೧೯೪೮ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ಶಿರಹಟ್ಟಿಯು ಸಾಂಗ್ಲಿಯವರದೂ ಲಕ್ಷ್ಮೇಶ್ವರವು ಮಿರಜದವರದೂ ಆಗಿದ್ದುವು. ಗದಗ, ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದುವು. ಹೀಗಾಗಿ ಸಂಸ್ಕೃತ, ಪಾರಸಿ, ಮರಾಠಿ, ಇಂಗ್ಲಿಷುಗಳ ವೈದ್ಯಶಬ್ದಗಳೆಲ್ಲವೂ ಇಲ್ಲಿಯ ಆಡುಮಾತಿಗೆ ಒಂದೊಂದು ದಾರಿಯಿಂದ ಬಂದು ಸೇರಿವೆ. ಇದಲ್ಲದೆ ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವು ಔಷಧಿಯ ಗಿಡಮೂಲಿಕೆಗಳಿಗೆ ಹೆಸರಾದುದು. ಎಪ್ಪತ್ತು ಗಿರಿಗಳನ್ನು ನೋಡುವುದಕ್ಕಿಂತ ಕಪ್ಪತಗಿರಿಯೊಂದನ್ನು ನೋಡುವುದು ಮೇಲೆಂದು ಇಲ್ಲಿಯ ಜನರು ಹೇಳುವರು. ೨೦೧೯ರಲ್ಲಿ ಸರಕಾರವು ಅದನ್ನು ವನ್ಯಜೀವಿಧಾಮವೆಂದು ಘೋಷಿಸಿತು.

ಮೊದಲು ವೈದ್ಯ ಶಬ್ದವನ್ನೇ ತೆಗೆದುಕೊಳ್ಳೋಣ. ಇದು ವಿದ್ಯಾ ಶಬ್ದದಿಂದ ಹುಟ್ಟಿದುದು; ವಿದ್ಯೆಯುಳ್ಳವನು ವೈದ್ಯನು. ಇದರಲ್ಲಿ ರೋಗದ ಸುಳಿವಾಗಲಿ ಮದ್ದಿನ ಸುಳಿವಾಗಲಿ ಇಲ್ಲ. ಪ್ರಾಕೃತದಲ್ಲಿ ಇದು ವೇಜ್ಜ ಎಂದಾಯಿತು. ಹಳಗನ್ನಡದಲ್ಲಿ, ವಿದ್ಯೆಯು ಬಿಜ್ಜೆಯಾದ ಹಾಗೆ, ವೈದ್ಯನು ಬೆಜ್ಜನಾದನು. ತೆಲುಗಿನವರ ವೆಜ್ಜು ಎಂಬುದೂ ಇದೇ. ಬಿಜ್ಜೆ, ಬೆಜ್ಜಗಳೆರಡೂ ಈಗ ಗ್ರಂಥಗಳಲ್ಲಿ ಮಾತ್ರ ಉಳಿದಿವೆ. ತತ್ಸಮವು ಮರಳಿ ಬಂದು ತದ್ಭವವನ್ನು ಹೊರಗಟ್ಟಿದ ಉದಾಹರಣೆಗಳಲ್ಲಿ ಇದೊಂದು. ವೈದ್ಯನನ್ನು ಪಂಡಿತನೆಂದು ಕರೆಯುವ ರೂಢಿಯು ಕನ್ನಡ ನಾಡಿನಲ್ಲೆಲ್ಲಾ ಇದ್ದಿತು. ಹಳ್ಳಿಗಳಲ್ಲಿ ಪಂಡಿತರ ಮನೆ ಎಂದರೆ ಔಷಧವನ್ನು ಅರೆದು ಕೊಡುವವರ ಮನೆ ಎಂದೇ ಅರ್ಥ. ವಂಗದೇಶದಲ್ಲಿ ಆಯುರ್ವೇದ ವೈದ್ಯನನ್ನು ಕವಿರಾಜನೆನ್ನುವರು; ಅಲ್ಲಿಯವನೊಬ್ಬನು ನಮ್ಮ ಕವಿರಾಜಮಾರ್ಗದ ಹೆಸರನ್ನು ಕೇಳಿ ಅದು ಚಿಕಿತ್ಸಾಗ್ರಂಥವೆಂದು ತಿಳಿದರೆ ಅವನನ್ನು ನಗಬಾರದು. ಹಕೀಮನೆಂಬುದು ಅರಬ್ಬೀ ಶಬ್ದ, ಅರ್ಥವು ಜ್ಞಾನಿ. ಡಾಕ್ಟರ್ ಎಂಬುದು ಕಲಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದುದು; ಅದರ ಅರ್ಥವು ಬೋಧಕ. ಭಾಷೆಗಳು ಬೇರೆಬೇರೆಯಾದರೂ ಎಲ್ಲವೂ ಹಿಡಿದ ದಾರಿಯೊಂದೇ ಎಂಬುದನ್ನು ಗಮನಿಸಬೇಕು: ಈತನು ಬಲ್ಲವನು ಎಂದು ಹೇಳಿ ಸುಮ್ಮನಾಗುವುದು. ತಮಿಳರು ಮಾತ್ರ ಮರುಂದು, ಅಂದರೆ ನಮ್ಮ ಹಳಗನ್ನಡದ ಮರ್ದು, ಎಂಬುದಕ್ಕೆ ಸಂಬಂಧಿಸಿದ ಮರುತ್ತುವ ಎಂಬ ಹೆಸರನ್ನಿಟ್ಟು ಮದ್ದಿನಿಂದಲೇ ವೈದ್ಯನನ್ನು ಗುರುತಿಸಿದರು. ಕನ್ನಡದಲ್ಲಿಯೂ ಮದ್ದಿನಿಂದ ಇಂಥ ಹೆಸರು ಹುಟ್ಟಬಹುದಾಗಿತ್ತು. ಆದರೆ ನಮ್ಮಲ್ಲಿ ಮದ್ದು ಎಂಬುದು ಔಷಧಕ್ಕೂ ಕೋವಿಯ ಪುಡಿಗೂ ವಶೀಕರಣಕ್ಕಾಗಿ ಊಟದಲ್ಲಿ ಹಾಕುವ ವಸ್ತುವಿಗೂ ಸಮಾನವಾಗಿ ನಿಂತುದರಿಂದ, ಮದ್ದಿನವನೆಂದರೆ ಜನರು ಹೆದರುವಂತಾಯಿತೆಂದು ತೋರುತ್ತದೆ.

ಇನ್ನು ವೈದ್ಯರೊಳಗಿನ ಭೇದಗಳು. ಆಯುರ್ವೇದದ ಎಂಟು ಅಂಗಗಳು ವಿದ್ವಾಂಸರಿಗೆ ಸುಪರಿಚಿತವಾದುವು: ಕಾಯ, ಬಾಲ, ಗ್ರಹ, ಊರ್ಧ್ವಾಂಗ, ಶಲ್ಯ, ದಂಷ್ಟ್ರಾ, ಜರಾ, ವೃಷ. ಶಲ್ಯವೆಂದರೆ ಮೈಯಲ್ಲಿ ನೆಟ್ಟ ಬಾಣ, ಮುಳ್ಳು ಮೊದಲಾದುದು. ಅದನ್ನು ಕೀಳುವ ವಿದ್ಯೆಯೇ ಶಸ್ತ್ರವೈದ್ಯವೆಲ್ಲಕ್ಕೂ ಹೆಸರಾಯಿತು. ಶಾಲಾಕ್ಯವು ಶಲಾಕೆಯಿಂದ, ಎಂದರೆ ಕಣ್ಣು ಕಿವಿಗಳಲ್ಲಿ ಆಡಿಸುವ ಸಣ್ಣ ಕಡ್ಡಿಯಿಂದ ಬಂದುದು. ಅಂಗಗಳಿಗೆ ಹೆಸರುಗಳು ಹೀಗೆ ಸ್ಪಷ್ಟವಾಗಿದ್ದರೂ ಆಯಾ ಅಂಗವನ್ನು ಬಲ್ಲವನಿಗೆ ಜನರಲ್ಲಿ ನಡೆಯುವ ಪ್ರತ್ಯೇಕ ಹೆಸರುಗಳು ವಿರಳ. ಚರಕಸಂಹಿತೆಯು ಶಸ್ತ್ರಸಾಧ್ಯವಾದ ರೋಗಗಳನ್ನು ಧಾನ್ವಂತರೀಯರಿಗೆ ಬಿಟ್ಟುಕೊಡುತ್ತದೆ. ಅದು ಸಂಪ್ರದಾಯದ ಹೆಸರು. ಚರಕನು ವೈದ್ಯರನ್ನು ನಿಜವಾಗಿ ವಿಂಗಡಿಸುವುದು ಬೇರೆ ರೀತಿಯಿಂದ. ವೈದ್ಯನ ವೇಷವನ್ನು ಧರಿಸಿ ತಿರುಗುವ ಛದ್ಮಚರ, ದೊಡ್ಡವರ ಹೆಸರನ್ನು ಹೇಳಿಕೊಂಡು ಬಾಳುವ ಸಿದ್ಧಸಾಧಿತ, ನಿಜವಾದ ಗುಣಗಳುಳ್ಳವನು, ಹೀಗೆ ಮೂರು ಬಗೆ. ಈ ವಿಂಗಡಣೆಯ ಉಪಯುಕ್ತತೆಯು ಇಂದಿಗೂ ಕಡಮೆಯಾಗಿಲ್ಲ.

ಅಮರಕೋಶದಲ್ಲಿ ಒಂದು ಸ್ವಾರಸ್ಯವುಂಟು. ಭಿಷಕ್, ವೈದ್ಯ, ಚಿಕಿತ್ಸಕ ಮುಂತಾದ ಪರ್ಯಾಯಗಳನ್ನು ಅಮರಸಿಂಹನು ಮನುಷ್ಯವರ್ಗದಲ್ಲಿ ಕೊಡುತ್ತಾನೆ; ಆದರೆ ವಿಷವೈದ್ಯನನ್ನು, ಅವನ ಇನ್ನೊಂದು ಹೆಸರಾದ ಜಾಂಗುಲಿಕನೊಡನೆ, ಪಾತಾಳದ ಹಾವುಗಳ ನಡುವೆ ಇಡುತ್ತಾನೆ. ಕೋಶಕಾರನ ದೃಷ್ಟಿಯಲ್ಲಿ ಹಾವಿನ ವೈದ್ಯನು ಹಾವಿಗೇ ಹೆಚ್ಚು ಹತ್ತಿರದವನು. ಕನ್ನಡದಲ್ಲಿ ಈ ವಿದ್ಯೆಗೆ ಗಾರುಡವೆಂದು ಹೆಸರು. ಸುಮಾರು ೧೩೬೦ರಲ್ಲಿ ಮಂಗರಾಜನು ವಿಷಚಿಕಿತ್ಸೆಯ ಮೇಲೆ ಬರೆದ ದೊಡ್ಡ ಗ್ರಂಥಕ್ಕೆ ಖಗೇಂದ್ರಮಣಿದರ್ಪಣವೆಂಬ ಹೆಸರು ಗರುಡನಿಂದಲೇ ಬಂದುದು. ಆ ವಿದ್ಯೆಯನ್ನು ಬಲ್ಲವನು ಗಾರುಡಿಗನು. ಮಂತ್ರದಿಂದ ವಿಷವನ್ನಿಳಿಸುವವನೇ ಹಾವಾಡಿಸುವವನೂ ಆಗಿ, ಹಾವಾಡಿಸುವವನೇ ಕಣ್ಕಟ್ಟಿನ ಆಟಗಳನ್ನು ತೋರುವವನೂ ಆದಾಗ ಗಾರುಡಿಗನೆಂಬುದಕ್ಕೆ ಇಂದ್ರಜಾಲಿಗನೆಂಬ ಅರ್ಥವು ನೆಲೆಯಾಯಿತು. ಮುಂದೆ ಈ ಶಬ್ದವು ಸಾಹಿತ್ಯಕ್ಕೂ ಕಾಲಿಟ್ಟಿತು. ಬೇಂದ್ರೆಯವರನ್ನು ಶಬ್ದಗಾರುಡಿಗರೆಂದು ನಾವೆಲ್ಲರೂ ಕರೆಯುವೆವು. ಅವರ ಪೂರ್ವಿಕರು ನೆಲೆಸಿದ್ದುದು ಇದೇ ಶಿರಹಟ್ಟಿಯಲ್ಲಿ. ತರಗತಿಯಲ್ಲಿ ಈ ಬಿರುದನ್ನು ವಿವರಿಸುವ ಉಪಾಧ್ಯಾಯರು ಅದರ ಮೂಲದಲ್ಲಿ ಒಬ್ಬ ವಿಷವೈದ್ಯನಿರುವನೆಂಬುದನ್ನು ಹೇಳಿದರೆ ವಿದ್ಯಾರ್ಥಿಗಳಿಗೆ ಆ ಶಬ್ದದ ಆಳವು ಹೆಚ್ಚು ಕಾಣುವುದು.

ಚಿಕಿತ್ಸೆಯ ಸ್ಥಾನಗಳ ವಿಷಯದಲ್ಲಿ ಶಾಸನಗಳು ಮಾತನಾಡುತ್ತವೆ. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ ೧೧೬೨ರ ಶಾಸನವು ಅದು ಅನಾಥರಾದ ರೋಗಿಗಳಿಗೆ ಔಷಧೋಪಚಾರ ನಡೆಯುವ ಸ್ಥಾನವೆಂದು ಹೇಳುವುದು. ಆದರೆ ಅಲ್ಲಿಯ ವೈದ್ಯರ ಭೇದಗಳನ್ನು ಅದು ಬಿಡಿಸಿ ಹೇಳದು. ಇದಕ್ಕೆ ಹೋಲಿಸತಕ್ಕದ್ದು ತಮಿಳುನಾಡಿನ ತಿರುಮುಕ್ಕೂಡಲಿನ ವೀರರಾಜೇಂದ್ರ ಚೋಳನ ಕಾಲದ ಶಾಸನ. ಅಲ್ಲಿ ೧೫ ಹಾಸಿಗೆಗಳ ಆತುರಶಾಲೆಯೊಂದಕ್ಕೆ ಒಬ್ಬ ವೈದ್ಯ, ಶಲ್ಯಕ್ರಿಯೆ ಮಾಡುವ ಒಬ್ಬ, ಮೂಲಿಕೆಗಳನ್ನು ತರುವವರು, ಉಪಚರಿಸುವ ಹೆಂಗಸರು, ಒಬ್ಬ ನಾವಿದ ಎಂದು ಸಂಬಳದೊಡನೆ ಎಣಿಸಿದೆ. ಶಸ್ತ್ರವೈದ್ಯನಿಗೆ ಅಲ್ಲಿಯೂ ಒಂದು ನಾಮಪದವಿಲ್ಲ. ಶಲ್ಯಕ್ರಿಯೆಯನ್ನು ಮಾಡುವವನು ಎಂದು ಕೆಲಸವನ್ನೇ ಹೇಳಿದೆ. ಇಂಗ್ಲಿಷಿನ ಸರ್ಜನ್ ಎಂಬುದೂ ಗ್ರೀಕಿನಲ್ಲಿ ಕೈಗೆಲಸದವನೆಂದೇ.

ಕನ್ನಡದ ವೈದ್ಯಗ್ರಂಥಗಳಲ್ಲಿ ಹೆಸರಿಡುವ ಕ್ರಮವು ಬಲು ಸರಳವಾದುದು. ಚಾಲುಕ್ಯ ರಾಜಪುತ್ರನಾದ ಕೀರ್ತಿವರ್ಮನು ಸುಮಾರು ೧೧೨೫ರಲ್ಲಿ ಬರೆದುದು ಗೋವೈದ್ಯ. ಮುಂದೆ ಅಭಿನವಚಂದ್ರನೂ ಬಾಚರಸನೂ ಕುದುರೆಗಳ ವೈದ್ಯವನ್ನು ಕುರಿತು ಬರೆದರು. ಚಿಕಿತ್ಸೆ ಯಾರಿಗೋ ಯಾವುದಕ್ಕೋ ಅದರ ಹೆಸರನ್ನು ಮುಂದಿಟ್ಟು ವೈದ್ಯ ಎಂದು ಸೇರಿಸಿದರೆ ಶಬ್ದವು ಸಿದ್ಧವಾಯಿತು. ಇಂದು ಮುಂಡರಗಿಯ ರೈತನು ತನ್ನ ಎತ್ತನ್ನು ಹೊಡೆದುಕೊಂಡು ದನದ ಡಾಕ್ಟರರ ಬಳಿಗೆ ಹೋಗುವಾಗ ಬಳಸುವ ಸಮಾಸವು ಕೀರ್ತಿವರ್ಮನದೇ. ಒಂಬೈನೂರು ವರ್ಷಗಳಲ್ಲಿ ಗೋವು ದನವಾಯಿತು, ವೈದ್ಯನು ಡಾಕ್ಟರಾದನು, ಕಟ್ಟು ಸಡಿಲಿಲ್ಲ. ಕಣ್ಣಿನ ಡಾಕ್ಟರು, ಹಲ್ಲಿನ ಡಾಕ್ಟರು, ಎಲುಬಿನ ಡಾಕ್ಟರು, ಸಣ್ಣ ಮಕ್ಕಳ ಡಾಕ್ಟರು ಎಂಬುವೆಲ್ಲವೂ ಷಷ್ಠಿಯ ಇದೇ ಅಚ್ಚಿನಲ್ಲಿ ಎರಕಗೊಂಡವು. ಎಲುಬಿನ ಎಂಬಲ್ಲಿ ನಿಲ್ಲತಕ್ಕದ್ದು. ಹಳೆಯ ಮೈಸೂರಿನವರು ಮೂಳೆಯ ಡಾಕ್ಟರೆನ್ನುವರು. ಈ ಸೀಮೆಯಲ್ಲಿ ಎಲುಬು. ಎರಡೂ ಅಚ್ಚಗನ್ನಡವೇ. ಅವೆರಡನ್ನೂ ಬಿಟ್ಟು ಅಸ್ಥಿ ಎಂಬುದನ್ನು ಫಲಕದ ಮೇಲೆ ಬರೆಯುವುದಕ್ಕೆ ಒಂದು ಸಮರ್ಥನೆಯುಂಟು; ಅದು ಯಾವ ಸೀಮೆಗೂ ಸೇರದ ಕಾರಣ ಎಲ್ಲ ಸೀಮೆಗೂ ಸಲ್ಲುವುದೆಂಬುದು. ಆದರೆ ಎಲ್ಲ ಸೀಮೆಗೂ ಸಲ್ಲುವ ಆ ಶಬ್ದವು ಕಾಲು ಮುರಿದುಕೊಂಡು ಬಂದವನ ಬಾಯಲ್ಲಿ ಎಲ್ಲಿಯೂ ಬಾರದು.

ಜನರ ಈ ಕ್ರಮಕ್ಕೂ ಮಿತಿಯಿಲ್ಲದಿಲ್ಲ. ತೊಗಲಿನ ಡಾಕ್ಟರೆಂದು ಯಾರೂ ಅನ್ನಲೊಲ್ಲರು. ತೊಗಲೆಂದೊಡನೆ ಕೆರವಿನ ನೆನಪು, ಗೊಂಬೆಯಾಟದ ನೆನಪು. ಅಲ್ಲಿ ಸಂಸ್ಕೃತದ ಚರ್ಮವೇ ಗೆದ್ದಿದೆ.

ದೇಶೀಯ ಚಿಕಿತ್ಸಕರಲ್ಲಿ ವಿಶೇಷಜ್ಞರು ಹಿಂದಿನಿಂದಲೂ ಇದ್ದರು, ಈಗಲೂ ಇರುವರು. ಆದರೆ ಅವರಿಗೆ ಬಿರುದಿಲ್ಲ. ಕಾಮಣಿಗೆ ಔಷಧ ಕೊಡುವವರು, ಎಲುಬು ಕಟ್ಟುವವರು, ಹಾವು ಕಡಿದುದಕ್ಕೆ ಮಂತ್ರಿಸುವವರು ಎಂದು ಕ್ರಿಯೆಯಿಂದಲೇ ಗುರುತು. ಅವರು ಕೊಡುವುದು ದಕ್ಷಿಣದವರ ಮಾತಿನಲ್ಲಿ ನಾಟಿ ಔಷಧ. ಇಲ್ಲಿ ಜವಾರಿ ಔಷಧ, ಮರಾಠಿಯ ಸಂಪರ್ಕದಿಂದ ಗಾವಟಿ ಔಷಧ. ಮೈಸೂರಿನ ಆಸ್ಪತ್ರೆಯು ಇಲ್ಲಿ ಪಾರಸಿಯ ದವಾಖಾನೆ, ಮಾತ್ರೆಯು ಗುಳಿಗೆ. ಸೂಜಿ ಚುಚ್ಚಿದರು ಎಂಬುದಕ್ಕೆ ಸೂಜಿ ಮಾಡಿದರು ಎಂದು ಪ್ರಯೋಗ. ಬೆಟಗೇರಿಯಲ್ಲಿ ಬಾಸೆಲ್ ಮಿಷನ್ನಿನವರು ದವಾಖಾನೆಯನ್ನು ತೆರೆದರು. ೧೮೯೪ರಲ್ಲಿ ಅಚ್ಚಾದ ಕಿಟ್ಟೆಲ್ ಕೋಶವೂ ಅದೇ ಮಿಷನ್ನಿನ ಒಬ್ಬರ ಕೆಲಸವೆಂಬುದನ್ನು ನೆನೆದರೆ ಶಬ್ದಕ್ಕೂ ಔಷಧಕ್ಕೂ ಒಂದೇ ಮನೆಯಿಂದ ಸೇವೆ ಸಂದಿತೆನ್ನಬಹುದು. ಸ್ತ್ರೀಯರು ವೈದ್ಯರಾಗಿಯೂ ದಾದಿಯರಾಗಿಯೂ ಬರತೊಡಗಿದಾಗ ಜನರು ಅವರಿಗೆ ಡಾಕ್ಟರಬಾಯಿ, ನರ್ಸಬಾಯಿ ಎಂದು ಹೆಸರಿಟ್ಟರು. ಮರಾಠಿಯ ಆ ಬಾಯಿಯಲ್ಲಿ ಗೌರವವೂ ಲಿಂಗವೂ ಒಟ್ಟಿಗೆ ತಿಳಿಯುತ್ತಿದ್ದುವು. ನಮ್ಮ ವೈದ್ಯೆ ಎಂಬ ಶಬ್ದವು ಬರೆಹದಲ್ಲಿ ಬಂದರೂ ಕರೆಯುವುದಕ್ಕೆ ಬಾರದು.

ಇವುಗಳಲ್ಲೆಲ್ಲಾ ಹೆಚ್ಚು ಹಳೆಯದೂ ಹೆಚ್ಚು ಚೆಲುವಾದುದೂ ಸೂಲಗಿತ್ತಿ ಎಂಬ ಶಬ್ದ. ಸೂಲ್ ಎಂದರೆ ಹೆರಿಗೆ, ಬಸಿರು. ತಮಿಳಿನಲ್ಲಿಯೂ ಆ ಶಬ್ದವುಂಟು. ಗಿತ್ತಿ ಎಂಬುದು ಒಕ್ಕಲಗಿತ್ತಿ, ಅಗಸಗಿತ್ತಿ ಎಂಬಲ್ಲಿ ಕಾಣುವ ಸ್ತ್ರೀಲಿಂಗದ ಪ್ರತ್ಯಯ. ಆದರೆ ಒಕ್ಕಲಗಿತ್ತಿಗೆ ಒಕ್ಕಲಿಗನೂ ಅಗಸಗಿತ್ತಿಗೆ ಅಗಸನೂ ಇರುವರು. ಸೂಲಗಿತ್ತಿಗೆ ಎದುರಾಗಿ ಪುಲ್ಲಿಂಗ ರೂಪವಿಲ್ಲ. ಗಂಡನ ವೃತ್ತಿಯಿಂದ ಹೆಂಡತಿಗೆ ಬಂದ ಹೆಸರು ಇದಲ್ಲವಾದುದರಿಂದ, ವೈದ್ಯವಾಚಕಗಳಲ್ಲಿ ಹೆಂಗಸಿಗೆ ಸ್ವತಂತ್ರವಾಗಿ ಸಂದ ಹೆಸರೆಂದು ಇದನ್ನು ಎಣಿಸಬೇಕು. ಹೆರು ಎಂಬ ಧಾತುವಿಗಿಂತ ಹಡೆ ಎಂಬುದೇ ಈ ಸೀಮೆಯಲ್ಲಿ ಬಳಕೆಯಾದುದು, ತಾಯಿಯು ಹಡೆದವ್ವ. ಆದರೂ ಹಡೆಯಿಸುವವಳ ಹೆಸರಿನಲ್ಲಿ ಹಳೆಯ ಸೂಲ್ ಎಂಬುದೇ ಅಳಿಯದೆ ನಿಂತಿದೆ.

ಈಗಿನ ಫಲಕಗಳಿಗೆ ಬರೋಣ. ಗದುಗಿನಲ್ಲಿ ಆಯುರ್ವೇದದ ಹಳೆಯ ಮಹಾವಿದ್ಯಾಲಯವೊಂದುಂಟು. ಇತ್ತೀಚೆಗೆ ಸರಕಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಏರ್ಪಟ್ಟಿದೆ. ಎರಡು ಪದ್ಧತಿಗಳ ಪದವೀಧರರ ಫಲಕಗಳು ಒಂದೇ ಬೀದಿಯಲ್ಲಿ ತೂಗುತ್ತವೆ. ಅವುಗಳಲ್ಲಿ ಎಲ್ಲೆಲ್ಲಿಯೂ ಕಾಣುವುದು ತಜ್ಞ ಎಂಬ ಉತ್ತರಪದ: ಹೃದ್ರೋಗ ತಜ್ಞ, ನರರೋಗ ತಜ್ಞ, ಸ್ತ್ರೀರೋಗ ತಜ್ಞ. ತತ್ ಎಂದರೆ ಅದು, ಅದನ್ನು ಬಲ್ಲವನು ತಜ್ಞನು. ವೈದ್ಯ, ಪಂಡಿತ, ಹಕೀಮರಂತೆ ಇದೂ ಅರಿವನ್ನೇ ಹೇಳುವ ಶಬ್ದ. ಆದರೆ ಒಂದು ವ್ಯತ್ಯಾಸವುಂಟು. ಜನರ ಹೆಸರುಗಳು ಅಂಗವನ್ನೋ ವ್ಯಕ್ತಿಯನ್ನೋ ಹೇಳುತ್ತವೆ. ಫಲಕದ ಹೆಸರುಗಳು ರೋಗವನ್ನು ಹೇಳುತ್ತವೆ. ಬಸುರಿಯು ರೋಗಿಯಲ್ಲ, ಆದರೂ ಅವಳು ಸ್ತ್ರೀರೋಗ ಎಂದು ಬರೆದ ಬಾಗಿಲನ್ನು ತೆರೆದುಕೊಂಡು ಒಳಕ್ಕೆ ಹೋಗಬೇಕಾಗಿದೆ. ಇದಕ್ಕೆ ಬದಲಾಗಿ ಹೆಣ್ಣುಮಕ್ಕಳ ಡಾಕ್ಟರು ಎನ್ನೋಣವೆಂದರೆ, ಹೆಣ್ಣುಮಕ್ಕಳಿಗೆ ಚಿಕಿತ್ಸೆ ಮಾಡುವವರು ಎಂದೂ ತಾವೇ ಹೆಣ್ಣಾದ ಡಾಕ್ಟರು ಎಂದೂ ಎರಡರ್ಥವಾಗುತ್ತದೆ.

ಇದು ಬರಿಯ ಪಂಡಿತರ ತೊಡಕಲ್ಲ. ನರ ಎಂಬ ಕನ್ನಡ ಶಬ್ದವನ್ನು ನೋಡಿರಿ. ಶಾಸ್ತ್ರದ ಅನುವಾದಕರು ಅದನ್ನು ಮಿದುಳಿನಿಂದ ಹೊರಡುವ ತಂತುಗಳಿಗೆ ಗೊತ್ತುಪಡಿಸಿದರು. ಜನರಿಗಾದರೋ ಕೈಯ ಮೇಲೆ ನೀಲಿಯಾಗಿ ಉಬ್ಬಿ ಕಾಣುವ ರಕ್ತದ ನಾಳವೂ ನರವೇ. ಕಾಲಿನಲ್ಲಿ ರಕ್ತನಾಳಗಳು ಉಬ್ಬಿ ಗಂಟಾದವನು ನರರೋಗ ತಜ್ಞರ ಫಲಕವನ್ನು ಓದಿ ಅವರಲ್ಲಿಗೆ ಹೋದರೆ ಅವನ ಕನ್ನಡದಲ್ಲಿ ದೋಷವಿಲ್ಲ. ಎದೆ ಎಂಬುದೂ ಹೀಗೆಯೇ. ಎದೆರೋಗ ತಜ್ಞನೆಂದರೆ ಕ್ಷಯ, ಉಬ್ಬಸಗಳನ್ನು ನೋಡುವವನು. ಎದೆಯೊಡೆಯಿತೆಂದು ನಾವು ಹೇಳುವ ಎದೆಯು ಹೃದಯ. ಎದೆನೋವು ಬಂದವನಿಗೆ ಗಳಿಗೆಗಳು ಎಣ್ಣಿಸಿದಷ್ಟೇ ಇರುವುದರಿಂದ, ಅವನು ಯಾವ ಬಾಗಿಲಿಗೆ ಹೋಗುವನೆಂಬುದು ಪ್ರಾಣದ ಪ್ರಶ್ನೆಯಾಗುವುದು. ಮನಸ್ಸಿನ ರೋಗಗಳ ವಿಷಯದಲ್ಲಿ ತೊಡಕು ಇನ್ನೊಂದು ರೀತಿಯದು. ಹುಚ್ಚಿನ ಡಾಕ್ಟರೆಂಬ ಹೆಸರಿಗೆ ಹೆದರಿ ಹೋಗದೆ ಉಳಿದವರೆಷ್ಟೋ. ಮಾನಸಿಕ ಚಿಕಿತ್ಸಾಲಯವು ಧಾರವಾಡದಲ್ಲಿ ಇರುವುದರಿಂದ, ಈ ಸೀಮೆಯಲ್ಲಿ ಒಬ್ಬನನ್ನು ಧಾರವಾಡಕ್ಕೆ ಕಳುಹಿಸಬೇಕೆಂದರೆ ಸಾಕು, ಜನರು ನಗುವರು. ವಿದ್ಯಾಪೀಠದ ಊರು ಅದೆಂಬುದು ಆಗ ಯಾರಿಗೂ ನೆನಪಾಗದು. ಇಲ್ಲಿ ಮನೋವೈದ್ಯ ಎಂಬ ಹೊಸ ಸಂಸ್ಕೃತ ಸಮಾಸವು ದೊಡ್ಡ ಉಪಕಾರವನ್ನು ಮಾಡಿದೆ. ಹಳೆಯ ಕನ್ನಡ ಹೆಸರು ಚುಚ್ಚುವಲ್ಲಿ ಹೊಸ ಸಂಸ್ಕೃತವು ತಣ್ಣಗೆ ನಿಲ್ಲುವುದು.

ಕನ್ನಡ ಸಂಸ್ಕೃತಗಳ ಬೆರಕೆಯನ್ನು ಕುರಿತು ಮುಳಗುಂದದ ನಯಸೇನನ ಆಕ್ಷೇಪವು ಪ್ರಸಿದ್ಧವಾದುದು. ಸುಮಾರು ೧೧೧೨ರಲ್ಲಿ ರಚಿಸಿದ ಧರ್ಮಾಮೃತದಲ್ಲಿ ಅವನು ಅಂಥ ಬೆರಕೆಯನ್ನು ತುಪ್ಪಕ್ಕೆ ಎಣ್ಣೆಯನ್ನು ಬೆರಸುವುದಕ್ಕೆ ಹೋಲಿಸಿದನು. ಈ ಹೋಲಿಕೆಯು ಅಡಿಗೆಮನೆಯಲ್ಲಿ ಸರಿ. ಆದರೆ ವೈದ್ಯರ ಮನೆಯಲ್ಲಿ ತುಪ್ಪವನ್ನೂ ಎಣ್ಣೆಯನ್ನೂ ಬೇಕೆಂದೇ ಬೆರಸುವರು. ಆಯುರ್ವೇದದಲ್ಲಿ ಅದಕ್ಕೆ ಯಮಕಸ್ನೇಹವೆಂಬ ಹೆಸರೂ ಉಂಟು. ವೈದ್ಯಶಬ್ದಗಳನ್ನು ರಚಿಸುವಾಗ ನಯಸೇನನಿಗಿಂತ ವೈದ್ಯನೇ ಗುರುವೆಂದು ನನ್ನ ಮತ. ಅಚ್ಚಗನ್ನಡದಿಂದಲೂ ಒಳ್ಳೆಯ ಶಬ್ದವು ಹುಟ್ಟಬಲ್ಲುದೆಂಬುದಕ್ಕೆ ಅರಿವಳಿಕೆ ಎಂಬುದು ಸಾಕ್ಷಿ. ಅರಿವು ಅಳಿಯುವುದು, ಅದೇ ಅರಿವಳಿಕೆ. ಶಸ್ತ್ರಕ್ರಿಯೆಗೆ ಮುಂಚೆ ಎಚ್ಚರ ತಪ್ಪಿಸುವವರು ಅರಿವಳಿಕೆ ತಜ್ಞರು. ಈ ಸಮಾಸದಲ್ಲಿ ಅರಿವಳಿಕೆ ಕನ್ನಡ, ತಜ್ಞ ಸಂಸ್ಕೃತ. ಯಾರ ಕಿವಿಗೂ ಅದು ಒರಟಾಗಿ ಕೇಳಿಸದು. ಇದಕ್ಕೆ ವಿಪರೀತವಾಗಿ, ಇಂಗ್ಲಿಷಿನಲ್ಲಿ ಫಿಜಿಶಿಯನ್ ಎನಿಸಿಕೊಳ್ಳುವ, ಶಸ್ತ್ರವಿಲ್ಲದೆ ಒಳಗಿನ ರೋಗಗಳಿಗೆ ಔಷಧ ಕೊಡುವ ಉನ್ನತ ಪದವೀಧರನಿಗೆ ಕನ್ನಡದಲ್ಲಿ ನೆಲೆಯಾದ ಹೆಸರೇ ಇಲ್ಲ. ಸಾಮಾನ್ಯ ವೈದ್ಯನೆಂದರೆ ಅವನ ಹೆಚ್ಚಿನ ವಿದ್ಯೆಯು ಮರೆಯಾಗುವುದು. ಕಾಯಚಿಕಿತ್ಸಕ ಎಂಬ ಶಬ್ದವು ಅರ್ಥದಲ್ಲಿ ತಕ್ಕುದಾಗಿ ಸಿದ್ಧವಿದೆ. ಆದರೆ ಅದು ಆಯುರ್ವೇದದ ಒಂದು ಶಾಖೆಯ ಪದವಿಗೆ ಸಂದುಹೋಗಿದೆ.

ಶಬ್ದವು ಯಾರದೆಂಬ ಈ ಪ್ರಶ್ನೆಯು ದೇಶದ ಮಟ್ಟದಲ್ಲಿ ವಿವಾದವಾದುದುಂಟು. ೨೦೨೦ರ ನವೆಂಬರಿನಲ್ಲಿ ಭಾರತೀಯ ಚಿಕಿತ್ಸಾ ಪದ್ಧತಿಗಳ ಕೇಂದ್ರ ಪರಿಷತ್ತು ಶಲ್ಯ ಮತ್ತು ಶಾಲಾಕ್ಯ ಶಾಖೆಗಳ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕಲಿಸತಕ್ಕ ೫೮ ಶಸ್ತ್ರಕ್ರಿಯೆಗಳನ್ನು ಹೆಸರಿಸಿ ಪ್ರಕಟಣೆ ಹೊರಡಿಸಿತು. ಶಲ್ಯದವು ೩೯, ಶಾಲಾಕ್ಯದವು ೧೯. ಆಧುನಿಕ ವೈದ್ಯರ ಸಂಘವು ಡಿಸೆಂಬರ್ ೧೧ರಂದು ಚಿಕಿತ್ಸೆಯನ್ನು ನಿಲ್ಲಿಸಿ ಪ್ರತಿಭಟಿಸಿತು. ವಿವಾದದ ಒಂದು ಎಳೆಯು ಪಾರಿಭಾಷಿಕ ಶಬ್ದಗಳದು: ಆಧುನಿಕ ಶಸ್ತ್ರವಿದ್ಯೆಯ ಹೆಸರುಗಳನ್ನು ಆಯುರ್ವೇದದವರು ಬಳಸಬಹುದೆ? ಅಂಥ ಶಬ್ದಗಳು ಮನುಷ್ಯಕುಲಕ್ಕೆಲ್ಲಾ ಸೇರಿದ ಸೊತ್ತೆಂದೂ ಅವುಗಳ ಮೇಲೆ ಯಾರಿಗೂ ಏಕಸ್ವಾಮ್ಯವಿಲ್ಲವೆಂದೂ ಆಯುಷ್ ಸಚಿವಾಲಯವು ಉತ್ತರಿಸಿತು. ಭಾಷೆಯ ದೃಷ್ಟಿಯಿಂದ ಉತ್ತರವು ಸಾಧುವಾದುದು. ರೋಗಿಯ ದೃಷ್ಟಿಯಿಂದ ಅರ್ಧವಾದುದು. ಫಲಕದಲ್ಲಿ ಶಸ್ತ್ರಚಿಕಿತ್ಸಕ ಎಂದು ಓದಿದವನಿಗೆ ಈತನು ಯಾವ ಶಾಲೆಯಲ್ಲಿ ಯಾವ ಶಸ್ತ್ರವನ್ನು ಹಿಡಿಯಲು ಕಲಿತವನೆಂದು ತಿಳಿಯುವ ಹಕ್ಕುಂಟಲ್ಲವೆ? ಹಳ್ಳಿಗಳಲ್ಲಿಯಂತೂ ಸೂಜಿ ಮಾಡುವವರೆಲ್ಲರೂ ಡಾಕ್ಟರರೇ. ನೋಂದಣಿಯಾದ ವೈದ್ಯನೆಂಬ ಅರ್ಥದ ಆರ್‌ಎಂಪಿ ಎಂಬ ಇಂಗ್ಲಿಷ್ ಅಕ್ಷರಗಳು ನೋಂದಣಿಯೇ ಇಲ್ಲದವರಿಗೆ ರೂಢನಾಮವಾಗಿರುವುದು ವಿಪರೀತಾರ್ಥಕ್ಕೆ ಒಳ್ಳೆಯ ನಿದರ್ಶನ. ಚರಕನ ಛದ್ಮಚರನು ಮೂರು ಅಕ್ಷರಗಳ ವೇಷವನ್ನು ಹಾಕಿದ್ದಾನೆ. ೨೦೨೪ರಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯು ಖಾಸಗಿ ಚಿಕಿತ್ಸಾಲಯಗಳು ನೋಂದಣಿಯ ಸಂಖ್ಯೆಯುಳ್ಳ ಫಲಕವನ್ನು ಹಾಕಬೇಕೆಂದೂ, ಅಲೋಪಥಿಯವರ ಫಲಕವು ನೀಲಿಯಾಗಿಯೂ ಆಯುರ್ವೇದದವರದು ಹಸಿರಾಗಿಯೂ ಇರಬೇಕೆಂದೂ ಆಜ್ಞೆ ಮಾಡಿತು. ಶಬ್ದವು ಮಾಡಬೇಕಾದ ಕೆಲಸವನ್ನು ಬಣ್ಣಕ್ಕೆ ಒಪ್ಪಿಸಿದಂತಾಯಿತು.

ಕೊನೆಗೊಂದು ಸೂಚನೆಯನ್ನು ಮಾಡಬೇಕಾಗಿದೆ. ೨೦೧೮ರಲ್ಲಿ ಪಾವಗಡ ಸೀಮೆಯ ನರಸಮ್ಮನವರಿಗೆ ಪದ್ಮಶ್ರೀ ದೊರೆಯಿತು. ಅವರನ್ನು ನಾಡೆಲ್ಲವೂ ಸೂಲಗಿತ್ತಿ ನರಸಮ್ಮನೆಂದೇ ಕರೆಯಿತು. ವೃತ್ತಿಯ ಹೆಸರು ವೈದ್ಯ ಸಂಗಣ್ಣ, ಮಡಿವಾಳ ಮಾಚಯ್ಯ ಎಂಬ ಶರಣರ ಹೆಸರುಗಳಲ್ಲಿ ನಿಂತಂತೆ ಹೆಸರಿನ ಮುಂದೆ ನಿಂತಿತು. ಅದೇ ೨೦೧೮ರಲ್ಲಿ ಕೇಂದ್ರ ಸರಕಾರವು ಹೆರಿಗೆಯ ಆರೈಕೆಗಾಗಿ ವಿಶೇಷ ಶಿಕ್ಷಣ ಪಡೆದ ದಾದಿಯರ ಹೊಸ ವರ್ಗವೊಂದನ್ನು ಏರ್ಪಡಿಸಲು ಮಾರ್ಗಸೂಚಿಯನ್ನು ಹೊರಡಿಸಿತು. ಆ ಹುದ್ದೆಗೆ ಕನ್ನಡದಲ್ಲಿ ಹೆಸರು ಬೇಕಾಗುವುದು. ಪ್ರಸೂತಿ ಪರಿಣತ ಶುಶ್ರೂಷಕಿ ಎಂಬಂಥದೊಂದು ಕಚೇರಿಯಲ್ಲಿ ಸುಲಭವಾಗಿ ಹುಟ್ಟೀತು. ಸೂಲಗಿತ್ತಿಯೆಂಬುದನ್ನೇ ಆ ಹುದ್ದೆಗೆ ಇಡಬಾರದೇಕೆ? ಆ ಶಬ್ದವು ಓದುಬರೆಹವಿಲ್ಲದ ಮುದುಕಿಯನ್ನು ನೆನಪಿಗೆ ತರುವುದೆಂದು ಆಕ್ಷೇಪಿಸುವವರಿರಬಹುದು. ಇಂಗ್ಲಿಷಿನ ಮಿಡ್‌ವೈಫ್ ಎಂಬುದೂ ಹಿಂದೆ ಅಂಥ ಮುದುಕಿಯ ಹೆಸರೇ ಆಗಿತ್ತು. ಈಗ ಅದು ವಿಶ್ವವಿದ್ಯಾನಿಲಯದ ಪದವೀಧರೆಯ ಹೆಸರು.